‘ಕ್ಲೀನ್ ಮಾಡಿಸ್ಬೇಕು’ ಅಂದ್ರೆ ಯಾವ ಕ್ಲೀನಿಂಗ್? ಪೂರ್ತಿಯಾಗದ ಗರ್ಭಪಾತಕ್ಕೆ ಹೀರಿ ತೆಗೆಯೋದು, ಕೆರೆದು ತೆಗೆಯೋದು: ವ್ಯತ್ಯಾಸ ತಿಳಿದಿರಲಿ

ಬಳ್ಳಾರಿ: ಎರಡು, ಎರಡೂವರೆ ತಿಂಗಳ ಗರ್ಭಿಣಿಗೆ ರಕ್ತ ಹೋಗೋಕೆ ಶುರುವಾಗುತ್ತೆ. ಸ್ಕ್ಯಾನ್ ಮಾಡಿಸಿದ್ರೆ ‘ಗರ್ಭ ನಿಂತಿಲ್ಲ, ಸ್ವಲ್ಪ ಒಳಗೇ ಉಳಿದಿದೆ, ಕ್ಲೀನ್ ಮಾಡಿಸ್ಬೇಕು’ ಅಂತ ಡಾಕ್ಟರ್ ಹೇಳ್ತಾರೆ. ಮನೆಯವರು ಗಾಬರಿಯಲ್ಲೇ ಕಾಗದಕ್ಕೆ ಸಹಿ ಹಾಕಿ, ದುಡ್ಡು ಹೊಂದಿಸಿ, ಹೊರಗೆ ಬೆಂಚಿನ ಮೇಲೆ ಕೂರುತ್ತಾರೆ. ಅರ್ಧ ಗಂಟೆಯಲ್ಲಿ ‘ಆಯ್ತು’ ಅಂತಾರೆ. ಒಳಗೆ ಯಾವ ಸಾಧನದಲ್ಲಿ, ಹೇಗೆ ತೆಗೆದರು ಎಂದು ಕೇಳುವವರು ಬಹಳ ಕಡಿಮೆ.

ಆದರೆ ಕೇಳಬೇಕಾದ ಪ್ರಶ್ನೆ ಅದೇ. ಯಾಕೆಂದರೆ ‘ಕ್ಲೀನ್’ ಎಂಬ ಒಂದೇ ಮಾತಿನ ಹಿಂದೆ ಎರಡು ಬೇರೆ ಬೇರೆ ಚಿಕಿತ್ಸೆಗಳಿವೆ. ಒಂದು, ಗರ್ಭಕೋಶದಲ್ಲಿ ಉಳಿದದ್ದನ್ನು ಕೊಳವೆಯಿಂದ ಹೀರಿ ತೆಗೆಯುವುದು. ಇನ್ನೊಂದು, ಲೋಹದ ಸಾಧನದಿಂದ ಕೆರೆದು ತೆಗೆಯುವುದು. ಎರಡರಿಂದಲೂ ಗರ್ಭಕೋಶ ಖಾಲಿಯಾಗುತ್ತದೆ. ಆದರೆ ಹೆಣ್ಣುಮಗಳ ಮೈಗೆ ಬೀಳುವ ಪೆಟ್ಟು ಒಂದೇ ಅಲ್ಲ.

ಪೂರ್ತಿಯಾಗದ ಗರ್ಭಪಾತ ಅಂದರೇನು?

ಗರ್ಭ ಧರಿಸಿದ್ದು ಖಚಿತವಾದ ಮೇಲೂ ನೂರರಲ್ಲಿ ಸುಮಾರು 10ರಿಂದ 20 ಗರ್ಭಗಳು ತಾವಾಗಿಯೇ ಬಿದ್ದುಹೋಗುತ್ತವೆ. ಅವುಗಳಲ್ಲಿ ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ. ಹೀಗೆ ಬೇಗ ಹೋಗುವ ಗರ್ಭಗಳಲ್ಲಿ ಅರ್ಧದಷ್ಟಕ್ಕೆ ಕಾರಣ ಭ್ರೂಣದ ಕ್ರೋಮೋಸೋಮ್ ದೋಷ. ಅಂದ್ರೆ ಆ ಗರ್ಭ ಬೆಳೆಯುವುದೇ ಸಾಧ್ಯವಿರಲಿಲ್ಲ. ಒಂದು ಬಿಂದಿಗೆ ಎತ್ತಿದ್ದಕ್ಕೆ, ಮೆಟ್ಟಿಲು ಹತ್ತಿದ್ದಕ್ಕೆ, ತವರಿಗೆ ಬಸ್ಸಿನಲ್ಲಿ ಹೋಗಿ ಬಂದದ್ದಕ್ಕೆ ಗರ್ಭ ಹೋಯಿತು ಎಂದು ಸೊಸೆಯನ್ನು ದೂರುವುದಕ್ಕೆ ಆಧಾರವಿಲ್ಲ.

ಗರ್ಭ ಬಿದ್ದಾಗ ಒಳಗಿನದ್ದೆಲ್ಲ ಹೊರಬಂದರೆ ಅದು ಪೂರ್ಣ ಗರ್ಭಪಾತ. ಭ್ರೂಣದ ಚೀಲ ಅಥವಾ ಮಾಸಿನ ತುಣುಕು ಗರ್ಭಕೋಶದಲ್ಲೇ ಉಳಿದರೆ ಅದು ಅಪೂರ್ಣ ಗರ್ಭಪಾತ. ಸ್ಕ್ಯಾನ್ ರಿಪೋರ್ಟಿನಲ್ಲಿ ‘ಇನ್‌ಕಂಪ್ಲೀಟ್ ಅಬಾರ್ಷನ್’ ಅಥವಾ ‘ಆರ್.ಪಿ.ಓ.ಸಿ’ ಎಂದು ಬರೆದಿರುತ್ತಾರೆ. ಎರಡನೆಯದರ ಅರ್ಥ, ಗರ್ಭದ ಭಾಗ ಒಳಗೆ ಉಳಿದಿದೆ ಎಂದಷ್ಟೇ. ತಕ್ಷಣ ಆಪರೇಷನ್ ಆಗಲೇಬೇಕು ಎಂದಲ್ಲ.

ತುಣುಕು ಉಳಿದಿರುವವರೆಗೆ ಗರ್ಭಕೋಶ ಸರಿಯಾಗಿ ಕುಗ್ಗುವುದಿಲ್ಲ. ಹಾಗಾಗಿ ರಕ್ತ ನಿಲ್ಲುವುದಿಲ್ಲ, ಹೊಟ್ಟೆ ಹಿಂಡುತ್ತದೆ. ಬಹಳ ದಿನ ಹಾಗೇ ಬಿಟ್ಟರೆ ಸೋಂಕು ತಗಲುವ ಅಪಾಯವೂ ಇದೆ.

ಎಲ್ಲರಿಗೂ ಆಪರೇಷನ್ ಬೇಕಾಗಿಲ್ಲ

ರಕ್ತಸ್ರಾವ ಹಿಡಿತದಲ್ಲಿದ್ದು, ಜ್ವರ ಇಲ್ಲದೆ, ಬಿ.ಪಿ. ಸರಿಯಾಗಿದ್ದರೆ ಮೂರು ದಾರಿಗಳಿವೆ.

ಮೊದಲನೆಯದು, ಡಾಕ್ಟರ ಕಣ್ಗಾವಲಿನಲ್ಲಿ ಒಂದೆರಡು ವಾರ ಕಾಯುವುದು. ಬಹಳಷ್ಟು ಮಂದಿಗೆ ಉಳಿದದ್ದು ತಾನಾಗಿಯೇ ಬರುತ್ತದೆ.

ಎರಡನೆಯದು ಮಾತ್ರೆ. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ಗರ್ಭಕೋಶವನ್ನು ಕುಗ್ಗಿಸಿ ಉಳಿದದ್ದನ್ನು ಹೊರಹಾಕುತ್ತದೆ.

ಮೂರನೆಯದು ಶಸ್ತ್ರಚಿಕಿತ್ಸೆ.

ಬ್ರಿಟನ್ನಿನಲ್ಲಿ 1,200 ಮಹಿಳೆಯರ ಮೇಲೆ ಈ ಮೂರೂ ದಾರಿಗಳನ್ನು ಹೋಲಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಸೋಂಕು ಮೂರೂ ಗುಂಪುಗಳಲ್ಲಿ ನೂರಕ್ಕೆ 2–3 ಮಂದಿಗಷ್ಟೇ ಆಗಿತ್ತು, ಹೇಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಕಾದವರು ಮತ್ತು ಮಾತ್ರೆ ತೆಗೆದುಕೊಂಡವರಲ್ಲಿ ಇದ್ದಕ್ಕಿದ್ದಂತೆ ಆಸ್ಪತ್ರೆಗೆ ಸೇರಬೇಕಾದವರು, ಕೊನೆಗೆ ಕ್ಲೀನ್ ಮಾಡಿಸಿಕೊಳ್ಳಬೇಕಾದವರು ಹೆಚ್ಚಿದ್ದರು.

ಇದು ನಮ್ಮ ತಾಲ್ಲೂಕುಗಳಿಗೆ ಮುಖ್ಯವಾದ ಮಾತು. ರಾತ್ರಿ ಹೊತ್ತು ರಕ್ತ ಜಾಸ್ತಿಯಾದರೆ ಬಳ್ಳಾರಿ ನಗರದಲ್ಲಿದ್ದವರು ಆಟೋ ಹಿಡಿದು ಆಸ್ಪತ್ರೆ ಸೇರಬಹುದು. ಸಿರುಗುಪ್ಪದಿಂದ ಬಳ್ಳಾರಿಗೆ ಸುಮಾರು 55 ಕಿ.ಮೀ., ಕುರುಗೋಡಿನಿಂದ ಸುಮಾರು 30 ಕಿ.ಮೀ. ಹೊಳೆ ದಂಡೆಯ ಹಳ್ಳಿಯಾದರೆ ಇನ್ನೂ ದೂರ. ‘ಕಾಯೋಣ’ ಎಂದು ತೀರ್ಮಾನಿಸುವ ಮುಂಚೆ ಮನೆ ಎಲ್ಲಿದೆ, ಗಾಡಿ ಸಿಗುತ್ತಾ, ಜೊತೆಗೆ ಯಾರಿದ್ದಾರೆ ಎಂಬುದನ್ನೂ ಡಾಕ್ಟರಿಗೆ ಹೇಳಬೇಕು.

ಶಸ್ತ್ರಚಿಕಿತ್ಸೆ ಬೇಕೇ ಬೇಕಾಗುವ ಸಂದರ್ಭಗಳೂ ಇವೆ: ರಕ್ತ ಧಾರಾಕಾರವಾಗಿ ಹೋಗುತ್ತಿದ್ದರೆ, ಬಿ.ಪಿ. ಇಳಿದು ಕಣ್ಣು ಕತ್ತಲೆ ಬರುತ್ತಿದ್ದರೆ, ಜ್ವರ–ದುರ್ವಾಸನೆಯಂಥ ಸೋಂಕಿನ ಲಕ್ಷಣ ಇದ್ದರೆ, ಕಾದರೂ ಮಾತ್ರೆ ಕೊಟ್ಟರೂ ಪೂರ್ತಿ ಬರದಿದ್ದರೆ. ಮೊದಲೇ ರಕ್ತ ತೀರಾ ಕಡಿಮೆ ಇರುವವರಿಗೂ ಡಾಕ್ಟರು ಹೆಚ್ಚು ದಿನ ಕಾಯಲು ಬಿಡುವುದಿಲ್ಲ. ಜೊತೆಗೆ, ‘ಇದು ಇವತ್ತೇ ಮುಗಿದುಹೋಗಲಿ’ ಎಂದು ಆಕೆಯೇ ಬಯಸಿದರೆ ಅದೂ ಸರಿಯಾದ ಕಾರಣವೇ.

ಕೆರೆದು ತೆಗೆಯುವುದು: ಹಳೆಯ ಡಿ ಅಂಡ್ ಸಿ

ಡಿ ಅಂಡ್ ಸಿ ಎಂದರೆ ಗರ್ಭಕೋಶದ ಬಾಯಿಯನ್ನು ಹಿಗ್ಗಿಸಿ, ಕ್ಯೂರೆಟ್ ಎಂಬ ಲೋಹದ ಸಾಧನದಿಂದ ಒಳಗೋಡೆಯನ್ನು ಕೆರೆಯುವುದು. ಉದ್ದ ಹಿಡಿಯ ತುದಿಯಲ್ಲಿ ಹರಿತ ಅಂಚಿನ ಸಣ್ಣ ಬಳೆ ಇದ್ದಂತೆ ಈ ಸಾಧನ ಇರುತ್ತದೆ. ನೋವು ಹೆಚ್ಚಾದ್ದರಿಂದ ಸಾಮಾನ್ಯವಾಗಿ ಪೂರ್ತಿ ಮಂಪರು ಅಥವಾ ಪ್ರಜ್ಞೆ ತಪ್ಪಿಸುವ ಇಂಜೆಕ್ಷನ್ ಬೇಕಾಗುತ್ತದೆ. ಅದಕ್ಕೆ ಅರಿವಳಿಕೆ ಡಾಕ್ಟರು ಬೇಕು, ಆಪರೇಷನ್ ಥಿಯೇಟರ್ ಬೇಕು, ಖಾಲಿ ಹೊಟ್ಟೆಯಲ್ಲಿರಬೇಕು.

ತೊಂದರೆ ಇರುವುದು ಕೆರೆಯುವುದರಲ್ಲೇ. ಗರ್ಭಕೋಶದ ಒಳಗೆ ಎರಡು ಪದರಗಳಿವೆ. ಮೇಲಿನದು ತಿಂಗಳು ತಿಂಗಳು ಮುಟ್ಟಿನಲ್ಲಿ ಹೋಗುತ್ತದೆ. ಬುಡದ ಪದರದಿಂದ ಅದು ಮತ್ತೆ ಬೆಳೆಯುತ್ತದೆ. ಹೊಲದಲ್ಲಿ ಬೆಳೆ ಕೊಯ್ದರೂ ಮಣ್ಣು ಉಳಿಯುವ ಹಾಗೆ. ಕೆರೆಯುವಾಗ ಕೈ ಜೋರಾದರೆ ಬುಡದ ಪದರಕ್ಕೇ ಗಾಯವಾಗಿ, ಒಳಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳಬಹುದು. ಇದಕ್ಕೆ ಆಶರ್‌ಮನ್ ಸಿಂಡ್ರೋಮ್ ಎನ್ನುತ್ತಾರೆ. ಮುಟ್ಟು ಕಡಿಮೆಯಾಗುವುದು, ನಿಂತೇ ಹೋಗುವುದು, ಮತ್ತೆ ಗರ್ಭ ನಿಲ್ಲದಿರುವುದು ಇದರ ಲಕ್ಷಣಗಳು.

ಗರ್ಭಪಾತದ ನಂತರ ಗರ್ಭಕೋಶದೊಳಗೆ ದುರ್ಬೀನು ಹಾಕಿ ನೋಡಿದ ಹಲವು ಅಧ್ಯಯನಗಳನ್ನು 2014ರಲ್ಲಿ ಒಟ್ಟು ಸೇರಿಸಿ ಪರಿಶೀಲಿಸಲಾಯಿತು. ಸುಮಾರು ಐವರಲ್ಲಿ ಒಬ್ಬರಿಗೆ ಇಂಥ ಅಂಟು ಕಂಡಿತ್ತು. ಅರ್ಧಕ್ಕಿಂತ ಹೆಚ್ಚಿನವು ಸೌಮ್ಯ ಸ್ವರೂಪದವು. ಆದರೆ ಮತ್ತೆ ಮತ್ತೆ ಡಿ ಅಂಡ್ ಸಿ ಆದವರಲ್ಲಿ ಅಪಾಯ ಏರಿತ್ತು. ಮುಂದೆ ಮಕ್ಕಳು ಬೇಕೆನ್ನುವವರಿಗೆ ಇದು ಸಣ್ಣ ಮಾತಲ್ಲ.

ಹೀರಿ ತೆಗೆಯುವುದು: ಎಂ.ವಿ.ಎ ಮತ್ತು ಇ.ವಿ.ಎ

ಇದರಲ್ಲಿ ಪ್ಲಾಸ್ಟಿಕ್ಕಿನ ತೆಳು ಕೊಳವೆಯನ್ನು ಒಳಗೆ ಬಿಟ್ಟು, ಗಾಳಿಯ ಸೆಳೆತದಿಂದ ಉಳಿದ ತುಣುಕನ್ನು ಹೀರುತ್ತಾರೆ. ಸೆಳೆತ ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ಎರಡು ಬಗೆ. ಕರೆಂಟಿನ ಪಂಪ್ ಬಳಸಿದರೆ ಇ.ವಿ.ಎ. ಕೈಯಿಂದಲೇ ಎಳೆಯುವ 60 ಮಿ.ಲೀ. ದೊಡ್ಡ ಸಿರಿಂಜ್ ಬಳಸಿದರೆ ಎಂ.ವಿ.ಎ. ಜನ ಎರಡನ್ನೂ ‘ಸಕ್ಷನ್’ ಅಂತಲೇ ಕರೆಯುತ್ತಾರೆ.

ಎಂ.ವಿ.ಎ.ಗೆ ಕರೆಂಟ್ ಬೇಡ, ದೊಡ್ಡ ಯಂತ್ರ ಬೇಡ. ಗರ್ಭಕೋಶದ ಬಾಯಿಯ ಸುತ್ತ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ನೋವಿನ ಮಾತ್ರೆ ಕೊಟ್ಟು, ಆಕೆ ಎಚ್ಚರವಿರುವಾಗಲೇ ಮಾಡಬಹುದು. ಸಾಮಾನ್ಯವಾಗಿ 3ರಿಂದ 10 ನಿಮಿಷದ ಕೆಲಸ. ಹೊಟ್ಟೆ ಹಿಂಡಿದ ನೋವು ಆಗುತ್ತದೆ, ಆಗುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ಅದು ಸರಿಯಲ್ಲ. ಆದರೆ ಬೇಗ ತಗ್ಗುತ್ತದೆ. ತೊಂದರೆ ಇಲ್ಲದಿದ್ದರೆ ಕೆಲವೇ ಗಂಟೆಯಲ್ಲಿ ಮನೆಗೆ ಕಳಿಸುತ್ತಾರೆ. ತರಬೇತಿ ಪಡೆದ ಎಂ.ಬಿ.ಬಿ.ಎಸ್. ಡಾಕ್ಟರೂ ಇದನ್ನು ಮಾಡಬಹುದು. ಹಾಗಾಗಿ ತಾಲ್ಲೂಕು ಮಟ್ಟದ ಆಸ್ಪತ್ರೆಗೆ ಹೇಳಿ ಮಾಡಿಸಿದ ವಿಧಾನ ಇದು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ

ಅಪೂರ್ಣ ಗರ್ಭಪಾತಕ್ಕೆ ಯಾವುದು ವಾಸಿ ಎಂದು ಎರಡು ಪ್ರಯೋಗಗಳಲ್ಲಿ ನೇರವಾಗಿ ಹೋಲಿಸಲಾಗಿದೆ. ಒಂದು ಸಿಂಗಪುರದ್ದು, ಇನ್ನೊಂದು ಆಫ್ರಿಕಾದ ಜಿಂಬಾಬ್ವೆಯದ್ದು. ಒಟ್ಟು 550 ಮಹಿಳೆಯರು. ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಪರಿಶೀಲನಾ ಸಂಸ್ಥೆ 2010ರಲ್ಲಿ ಇವನ್ನು ಒಟ್ಟಿಗೆ ತೂಗಿ ನೋಡಿತು. ಕಂಡದ್ದು ಇಷ್ಟು:

• ರಕ್ತ: ಹೀರಿ ತೆಗೆದವರಲ್ಲಿ ಸರಾಸರಿ 17 ಮಿ.ಲೀ. ಕಡಿಮೆ ಹೋಯಿತು. ಸರಾಸರಿ ಸಣ್ಣದಾಗಿ ಕಾಣಬಹುದು. ಆದರೆ 100 ಮಿ.ಲೀ.ಗಿಂತ ಹೆಚ್ಚು ರಕ್ತ ಕಳೆದುಕೊಂಡವರ ಪ್ರಮಾಣ ಕೆರೆದು ತೆಗೆದವರಿಗೆ ಹೋಲಿಸಿದರೆ ಮೂರನೇ ಒಂದಕ್ಕಿಂತ ಕಡಿಮೆ.

• ಚಿಕಿತ್ಸೆಯ ನಂತರದ ಹಿಮೋಗ್ಲೋಬಿನ್: 10 ಗ್ರಾಂಗಿಂತ ಕೆಳಗೆ ಇದ್ದವರ ಪ್ರಮಾಣ ಹೀರಿ ತೆಗೆದವರಲ್ಲಿ ಹೆಚ್ಚುಕಡಿಮೆ ಅರ್ಧ.

• ನೋವು: ಹೀರಿ ತೆಗೆದವರಲ್ಲಿ ಸುಮಾರು ಕಾಲು ಭಾಗ ಕಡಿಮೆ.

• ಸಮಯ: ಹೀರುವುದು ಸರಾಸರಿ ಒಂದು ನಿಮಿಷಕ್ಕೂ ಹೆಚ್ಚು ಬೇಗ ಮುಗಿಯಿತು.

ಗರ್ಭಕೋಶಕ್ಕೆ ತೂತು ಬೀಳುವಂಥ ದೊಡ್ಡ ಅನಾಹುತ ಎರಡರಲ್ಲೂ ಅಪರೂಪ. 550 ಮಂದಿಯ ಲೆಕ್ಕದಲ್ಲಿ ಅದರ ವ್ಯತ್ಯಾಸ ಅಳೆಯಲು ಆಗುವುದಿಲ್ಲ. ಆದರೆ ಬೇರೆ ದೊಡ್ಡ ಲೆಕ್ಕಗಳನ್ನು ನೋಡಿದ ವಿಶ್ವ ಆರೋಗ್ಯ ಸಂಸ್ಥೆ, ಕೆರೆದು ತೆಗೆಯುವುದರಲ್ಲಿ ದೊಡ್ಡ ತೊಡಕುಗಳು ಹೀರುವುದಕ್ಕಿಂತ ಎರಡು–ಮೂರು ಪಟ್ಟು ಹೆಚ್ಚು ಎಂದು ಹೇಳಿದೆ. ಎಲ್ಲೆಲ್ಲಿ ಡಿ ಅಂಡ್ ಸಿ ಇನ್ನೂ ನಡೆಯುತ್ತಿದೆಯೋ ಅಲ್ಲಿ ಅದನ್ನು ಬಿಟ್ಟು ಹೀರುವ ವಿಧಾನಕ್ಕೆ ಬರಬೇಕು ಎಂದು 2012ರ ಮಾರ್ಗಸೂಚಿಯಲ್ಲೇ ಬರೆದಿತ್ತು. 2022ರಲ್ಲಿ ಮತ್ತೆ ಅದನ್ನೇ ಹೇಳಿತು. ಕೇಂದ್ರ ಆರೋಗ್ಯ ಸಚಿವಾಲಯದ ಸಮಗ್ರ ಗರ್ಭಪಾತ ಆರೈಕೆ ಮಾರ್ಗಸೂಚಿಯೂ ಎಂ.ವಿ.ಎ, ಇ.ವಿ.ಎ. ಕಡೆಗೇ ಇದೆ. ಅದು ಮೊದಲು ಬಂದದ್ದು 2010ರಲ್ಲಿ, ಪರಿಷ್ಕರಣೆ 2018ರಲ್ಲಿ.

ರಕ್ತದ ಲೆಕ್ಕ ಇಲ್ಲಿ ಯಾಕೆ ಮುಖ್ಯ? ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಸಿರುಗುಪ್ಪದ ಗದ್ದೆಯಲ್ಲಿ ನಾಟಿ ಹಚ್ಚುವ, ಕುರುಗೋಡಿನ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ, ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಮಿಷನ್ ಮುಂದೆ ಕೂರುವ ಹೆಣ್ಣುಮಗಳು ಹಿಮೋಗ್ಲೋಬಿನ್ ಎಂಟೋ ಒಂಬತ್ತೋ ಇಟ್ಟುಕೊಂಡೇ ಆಸ್ಪತ್ರೆಗೆ ಬಂದಿರಬಹುದು. ಅವಳಿಗೆ ಅರ್ಧ ಲೋಟ ರಕ್ತವೂ ಲೆಕ್ಕಕ್ಕೆ ಬರುತ್ತದೆ.

‘ಡಿ ಅಂಡ್ ಸಿ’ ಅಂತ ಬರೆದರೆ ಗಾಬರಿಯಾಗಬೇಕೆ?

ಬೇಡ. ಇಲ್ಲೊಂದು ಗೊಂದಲ ಇದೆ. ಎಷ್ಟೋ ಕಡೆ ಸಕ್ಷನ್ ಮಾಡಿದರೂ ಹಳೆಯ ರೂಢಿಯಿಂದ ಚೀಟಿಯಲ್ಲಿ, ಬಿಲ್ಲಿನಲ್ಲಿ ‘ಡಿ ಅಂಡ್ ಸಿ’ ಎಂದೇ ಬರೆಯುತ್ತಾರೆ. ಅದಕ್ಕೇ ಹೆಸರು ನೋಡಿ ತೀರ್ಮಾನಿಸದೆ ಬಾಯಿಬಿಟ್ಟು ಕೇಳಬೇಕು. ‘ಮೇಡಂ, ಸಕ್ಷನ್ ಮಾಡ್ತೀರಾ, ಕೆರೆದು ತೆಗೀತೀರಾ?’ ಎಂದು ಕೇಳಿದರೆ ಯಾವ ಡಾಕ್ಟರೂ ತಪ್ಪು ತಿಳಿಯಬೇಕಾಗಿಲ್ಲ.

ಕೆಲವರು ಸಕ್ಷನ್ ಆದ ಮೇಲೆ ‘ಒಂದ್ಸಲ ನೋಡಿಬಿಡೋಣ’ ಎಂದು ಕ್ಯೂರೆಟ್ ಆಡಿಸುತ್ತಾರೆ. ರೂಢಿಯಂತೆ ಎಲ್ಲರಿಗೂ ಹೀಗೆ ಮಾಡುವ ಅಗತ್ಯವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗೆಯೇ, ಕ್ಲೀನ್ ಆಗಿ ಕೆಲವು ದಿನಕ್ಕೆ ಸ್ಕ್ಯಾನಿನಲ್ಲಿ ‘ಚೂರು ಉಳಿದಂತಿದೆ’ ಎಂದು ಬಂದ ಮಾತ್ರಕ್ಕೆ ಇನ್ನೊಮ್ಮೆ ಕೆರೆಸಬೇಕು ಎಂದಲ್ಲ. ರಕ್ತ ನಿಂತಿದೆ, ಜ್ವರವಿಲ್ಲ, ನೋವಿಲ್ಲ ಎಂದಾದರೆ ಕಾದು ನೋಡಬಹುದೇ ಎಂದು ಕೇಳಿ. ಎರಡನೇ ಸಲದ ಕೆರೆತವೇ ಅಂಟುವ ಅಪಾಯವನ್ನು ಹೆಚ್ಚಿಸುವುದು.

ಸಹಿ ಹಾಕುವ ಮುಂಚೆ ಕೇಳಬೇಕಾದದ್ದು

1. ಈಗಲೇ ಮಾಡಲೇಬೇಕೆ? ಕಾಯುವ ಅಥವಾ ಮಾತ್ರೆಯ ದಾರಿ ಇದೆಯೆ?

2. ಸಕ್ಷನ್ ಮಾಡುತ್ತೀರಾ? ಇಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತೀರಿ?

3. ಮರಗಟ್ಟಿಸಿ ಮಾಡುತ್ತೀರಾ, ಪ್ರಜ್ಞೆ ತಪ್ಪಿಸಿಯೇ? ಹೊಟ್ಟೆ ಖಾಲಿ ಇರಬೇಕೆ?

4. ಹಿಮೋಗ್ಲೋಬಿನ್ ಎಷ್ಟಿದೆ? ರಕ್ತ ಬೇಕಾಗಬಹುದೆ?

5. ಮೊದಲು ಆಂಟಿಬಯಾಟಿಕ್ ಕೊಡುತ್ತೀರಾ?

6. ರಕ್ತದ ಗುಂಪು ನೆಗೆಟಿವ್ ಇದ್ದರೆ ಆಂಟಿ-ಡಿ ಇಂಜೆಕ್ಷನ್ ಬೇಕೆ?

7. ತೆಗೆದ ತುಣುಕನ್ನು ಪರೀಕ್ಷೆಗೆ ಕಳಿಸಬೇಕೆ? ಮುತ್ತುಗರ್ಭ, ಅಂದರೆ ದ್ರಾಕ್ಷಿಗೊಂಚಲಿನಂತೆ ಬೆಳೆಯುವ ಗರ್ಭದ ಅನುಮಾನ ಇದ್ದರೆ ಇದು ಬಹಳ ಮುಖ್ಯ.

ರಕ್ತ ಸುರಿಯುತ್ತಿದ್ದರೆ ಮಾತ್ರ ಪ್ರಶ್ನೆಗಳನ್ನು ಬದಿಗಿಡಿ. ಆಗ ಡಾಕ್ಟರ ಕೈಗೆ ಯಾವುದು ಬೇಗ ಸಿಗುತ್ತದೋ ಅದರಿಂದ ರಕ್ತ ನಿಲ್ಲಿಸುವುದೇ ಮೊದಲು. ಹೀರುವ ಸಾಧನ ಇಲ್ಲದ ಕಡೆ ಕೆರೆದು ತೆಗೆದು ಜೀವ ಉಳಿಸಿದ್ದನ್ನು ತಪ್ಪು ಎನ್ನಲಾಗದು.

ಗಂಡನ ಸಹಿ ಬೇಕೇ ಬೇಕಾ?

18 ತುಂಬಿದ ಹೆಣ್ಣುಮಗಳ ಚಿಕಿತ್ಸೆಗೆ ಆಕೆಯ ಒಪ್ಪಿಗೆಯೇ ಒಪ್ಪಿಗೆ. ಗಂಡ ದುಬೈಯಲ್ಲಿದ್ದಾನೆ, ಅತ್ತೆ ಊರಲ್ಲಿಲ್ಲ ಎಂದು ರಕ್ತ ಹೋಗುತ್ತಿರುವವಳನ್ನು ಕಾಯಿಸುವಂತಿಲ್ಲ. ತಾನಾಗಿ ಆದ ಗರ್ಭಪಾತದ ಚಿಕಿತ್ಸೆ ಗರ್ಭ ತೆಗೆಸುವುದಲ್ಲ. ಆದ್ದರಿಂದ ‘ಪೊಲೀಸ್ ಕೇಸ್ ಆಗುತ್ತೆ’ ಎಂಬ ಹೆದರಿಕೆಯಿಂದ ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ಉಳಿಯಬೇಡಿ.

ಮೆಡಿಕಲ್ ಶಾಪಿನವರಿಗೊಂದು ಮಾತು

‘ಅಣ್ಣಾ, ಉಳಿದದ್ದು ಹೋಗೋಕೆ ಒಂದು ಮಾತ್ರೆ ಕೊಡ್ರಿ’ ಎಂದು ಯಾರಾದರೂ ಬಂದರೆ ಕೊಟ್ಟು ಕಳಿಸುವುದು ಸಹಾಯವಲ್ಲ. ಈ ಮಾತ್ರೆಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾನೂನಿಗಿಂತ ದೊಡ್ಡ ಕಾರಣ ಬೇರೆ ಇದೆ. ಗರ್ಭ ಗರ್ಭಕೋಶದೊಳಗೆ ಇರದೆ ನಾಳದಲ್ಲಿ ಕಟ್ಟಿದ್ದರೂ ರಕ್ತ ಇದೇ ರೀತಿ ಹೋಗುತ್ತದೆ. ಮಾತ್ರೆಯಿಂದ ಅದು ಗುಣವಾಗುವುದಿಲ್ಲ. ನಾಳ ಒಡೆದು ಹೊಟ್ಟೆಯೊಳಗೇ ರಕ್ತ ತುಂಬಿದರೆ ಗಂಟೆಗಳಲ್ಲಿ ಜೀವ ಹೋಗಬಹುದು. ಸ್ಕ್ಯಾನ್ ಆಗದವರಿಗೆ ಕೊಡಬೇಕಾದದ್ದು ಮಾತ್ರೆಯಲ್ಲ, ಆಸ್ಪತ್ರೆಯ ದಾರಿ.

ಕೆಲಸಕ್ಕೆ ಇಟ್ಟುಕೊಂಡವರಿಗೆ

ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಅಂಗಡಿ, ಘಟಕಗಳಲ್ಲಿ ಗರ್ಭಪಾತವಾದ ಮಹಿಳೆಗೆ ಆರು ವಾರ ಸಂಬಳಸಹಿತ ರಜೆ ಸಿಗಬೇಕು. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಈ ನಿಯಮ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು, ಆಸ್ಪತ್ರೆಯ ಪತ್ರ ಕೊಡಬೇಕು. ಆ ಆರು ವಾರ ಅವಳನ್ನು ಕೆಲಸಕ್ಕೆ ಹಚ್ಚುವಂತೆಯೂ ಇಲ್ಲ. ಹತ್ತು ಮಂದಿ ಇಲ್ಲದ ಚಿಕ್ಕ ಅಂಗಡಿಗೆ ಈ ಕಾನೂನು ಬರುವುದಿಲ್ಲ. ಆದರೂ ನಾಲ್ಕು ದಿನದ ರಜೆಗೆ ಸಂಬಳ ಹಿಡಿಯದಿರುವುದು ಮಾಲೀಕರ ಕೈಯಲ್ಲಿದೆ.

ಎಲ್ಲಿಗೆ ಹೋಗಬೇಕು?

ಸಿರುಗುಪ್ಪದಲ್ಲಿ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆ, ಕುರುಗೋಡಿನಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಅಲ್ಲಿ ಆಗದಿದ್ದರೆ ಬಳ್ಳಾರಿಯ ಜಿಲ್ಲಾಸ್ಪತ್ರೆ ಅಥವಾ ಜನ ಇಂದಿಗೂ ‘ವಿಮ್ಸ್’ ಎನ್ನುವ ಬಿ.ಎಂ.ಸಿ.ಆರ್.ಸಿ. ತಾಯಿ ಕಾರ್ಡ್, ಸ್ಕ್ಯಾನ್ ರಿಪೋರ್ಟ್, ಆಧಾರ್, ಪಡಿತರ ಚೀಟಿ, ಆಯುಷ್ಮಾನ್ ಕಾರ್ಡ್ ಜೊತೆಯಲ್ಲಿರಲಿ. ಊರಿನ ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿದರೆ ಯಾವ ಆಸ್ಪತ್ರೆಯಲ್ಲಿ ಯಾವ ದಿನ ಸ್ತ್ರೀರೋಗ ತಜ್ಞರು ಇರುತ್ತಾರೆ ಎಂದು ವಿಚಾರಿಸಿ ಹೇಳುತ್ತಾರೆ. ಖಾಸಗಿ ಆಸ್ಪತ್ರೆಗೆ ಹೋದರೆ ದರಪಟ್ಟಿ ತೋರಿಸಿ ಎಂದು ಕೇಳಿ. ಅದನ್ನು ಪ್ರದರ್ಶಿಸುವುದು ಕಡ್ಡಾಯ.

2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡದ್ದನ್ನು ಜಿಲ್ಲೆ ಮರೆತಿಲ್ಲ. ಆ ಭಯ ಸಹಜ. ಆದರೆ ಭಯದಿಂದ ಮನೆಯಲ್ಲೇ ರಕ್ತ ಕಳೆದುಕೊಳ್ಳುತ್ತ ಕೂರುವುದು ಇನ್ನೂ ದೊಡ್ಡ ಅಪಾಯ. ಏನು ಮಾಡುತ್ತಿದ್ದೀರಿ, ಯಾಕೆ ಮಾಡುತ್ತಿದ್ದೀರಿ ಎಂದು ಕೇಳುವ ಹಕ್ಕು ಸರ್ಕಾರಿ ಆಸ್ಪತ್ರೆಯಲ್ಲೂ ಅಷ್ಟೇ ಇದೆ.

ತಡಮಾಡದೆ 108ಕ್ಕೆ ಕರೆ ಮಾಡಬೇಕಾದದ್ದು ಯಾವಾಗ?

• ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆದು, ಎರಡು ಗಂಟೆ ಹಾಗೇ ಮುಂದುವರಿದರೆ

• ತಲೆ ತಿರುಗಿ ಬಿದ್ದರೆ, ಮೈ ತಣ್ಣಗಾಗಿ ಬೆವರಿದರೆ

• 100.4 ಡಿಗ್ರಿ ಅಥವಾ ಹೆಚ್ಚು ಜ್ವರ, ಚಳಿ, ಕೆಟ್ಟ ವಾಸನೆಯ ಸ್ರಾವ

• ಮಾತ್ರೆಗೂ ತಗ್ಗದ ಹೊಟ್ಟೆನೋವು, ಅಥವಾ ಭುಜದ ತುದಿಯಲ್ಲಿ ನೋವು

ಆಮೇಲೆ ಏನು?

ಕ್ಲೀನ್ ಆದ ಮೇಲೆ ಕೆಲವು ದಿನದಿಂದ ಎರಡು ವಾರದವರೆಗೆ ಸ್ವಲ್ಪ ಸ್ವಲ್ಪ ರಕ್ತ ಹೋಗಬಹುದು. ಅಲ್ಲಿಯವರೆಗೆ ಗಂಡ–ಹೆಂಡತಿ ಕೂಡುವುದು ಬೇಡ. ಮುಟ್ಟು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರದಲ್ಲಿ ಬರುತ್ತದೆ. ಮೂರು ತಿಂಗಳಾದರೂ ಬರದಿದ್ದರೆ, ಅಥವಾ ಬರೀ ಕಲೆಯಷ್ಟೇ ಕಂಡರೆ ತೋರಿಸಿ. ಮುಟ್ಟು ಬರುವ ಮುಂಚೆಯೇ, ಎರಡು ವಾರದೊಳಗೇ ಮತ್ತೆ ಗರ್ಭ ನಿಲ್ಲುವ ಸಾಧ್ಯತೆ ಇರುವುದರಿಂದ ಸದ್ಯಕ್ಕೆ ಬೇಡ ಎನ್ನುವವರು ಆಸ್ಪತ್ರೆಯಿಂದ ಹೊರಡುವಾಗಲೇ ಗರ್ಭನಿರೋಧಕದ ಬಗ್ಗೆ ಕೇಳಿಕೊಳ್ಳಬೇಕು. ಕಬ್ಬಿಣಾಂಶದ ಮಾತ್ರೆ ಬರೆದಿದ್ದರೆ ಹೊಟ್ಟೆ ಸರಿಯಾಯಿತೆಂದು ನಡುವೆ ಬಿಡಬೇಡಿ.

ಒಮ್ಮೆ ಗರ್ಭ ಹೋದವರಲ್ಲಿ ಹೆಚ್ಚಿನವರಿಗೆ ಮುಂದಿನ ಗರ್ಭ ನಿಲ್ಲುತ್ತದೆ. ಎರಡು ಅಥವಾ ಹೆಚ್ಚು ಸಲ ಹೀಗಾದರೆ ಗಂಡ–ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಬೇಕು. ಎರಡು ತಿಂಗಳದ್ದಾದರೂ ಕಳೆದುಕೊಂಡದ್ದು ಕಳೆದುಕೊಂಡದ್ದೇ. ಅವಳು ಅತ್ತರೆ ಅಳಲಿ, ನಾಲ್ಕು ದಿನ ಮಲಗಿದರೆ ಮಲಗಲಿ. ‘ಮುಂದಿನ ಸಲ ಆಗುತ್ತೆ ಬಿಡು’ ಎನ್ನುವ ಮುಂಚೆ ಅವಳ ಊಟ, ಮಾತ್ರೆ, ಮುಂದಿನ ತಪಾಸಣೆಯ ದಿನ ಇಷ್ಟನ್ನು ಮನೆಯವರು ನೋಡಿಕೊಂಡರೆ ಸಾಕು.